ಹಂಡೆಗೆ ಸುರಿದ ತಂಬಿಗೆ ನೀರು

ನಾನು ಸಿಡುಕಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಐವತ್ತರ ದಶಕದಲ್ಲಿ, ರೋಣದ ಪೇಟೆಯ ಹಿಂದಿದ್ದ ಒಂದು ಸಣ್ಣ ದವಾಖಾನೆಯಲ್ಲಿ ನಾನು ನರ್ಸಾಗಿದ್ದಾಗ, ನನ್ನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಕಂಪೌಂಡರ್ ಬೀಡಿ ಆರಿಸುತ್ತಿದ್ದ.

ಬೇಸಿಗೆಯ ಒಂದು ಬೆಳಿಗ್ಗೆ ಜಕ್ಕಲಿಯಿಂದ ಸೈಕಲ್ ಮೇಲೆ ಒಬ್ಬ ಬಂದು, ಊರಲ್ಲಿ ಕಾಲರಾ ಬೇನೆ ಬಿದ್ದಿದೆ, ಮಧ್ಯಾಹ್ನದೊಳಗೆ ರೋಗಿಗಳ ಚಕ್ಕಡಿಗಳು ಬರುತ್ತವೆ ಎಂದ. ನಮ್ಮ ಆಯಾ ಕಸಬರಿಗೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಒಬ್ಬಳೇ ಮಗಳನ್ನು ಜಕ್ಕಲಿಗೆ ಕೊಟ್ಟಿತ್ತು.

"ನನ್ನ ಮಗಳ ಸುದ್ದಿ ಏನರ ಗೊತ್ತೈತೇನಪಾ?" ಎಂದು ಕೇಳಿದಳು. ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರ್ ಸಾಹೇಬರು ಒಂದೇ ಉಸಿರಿಗೆ ಕೆಲಸ ಹಂಚಿದರು. ಪಡಸಾಲೆ ಖಾಲಿ ಮಾಡಿ, ಹೊರಸುಗಳ ನಡುವಿನ ನುಲಿ ಕತ್ತರಿಸಿ, ಭೇದಿ ಬೀಳಲೆಂದು ಕೆಳಗೆ ಬಕೆಟ್ ಇಟ್ಟೆವು. ಬಾಗಿಲ ಮುಂದೆ ಸುಣ್ಣ ಚೆಲ್ಲಿದೆವು. ಎಲ್ಲಕ್ಕಿಂತ ಮುಖ್ಯವಾದದ್ದು ಸಲೈನ್. ಗದಗಿನ ಬಾಟಲಿಗಳು ಬರುವುದು ಸಂಜೆಯ ಬಸ್ಸಿಗೆ. ಅಲ್ಲಿಯವರೆಗೆ ಹಿತ್ತಲ ತಾಮ್ರದ ಹಂಡೆಯಲ್ಲಿ ನೀರು ಮರಳಿಸಿ, ಸೋಸಿ, ಉಪ್ಪು ತೂಗಿ ಬೆರೆಸಿ ನಾವೇ ಮಾಡಬೇಕು.

"ಈ ನೀರ ನೆಟ್ಟಗ ರಕ್ತಕ್ಕ ಹೋಗ್ತದ. ಹಸಿ ನೀರಿನ ಒಂದ ಹನಿ ಕೂಡಬಾರ್ದು. ಹಂಡೇದ ಜವಾಬ್ದಾರಿ ನಿಮ್ಮದು" ಎಂದು ಸಾಹೇಬರು ನನಗೆ ಹೇಳಿದರು.

ಆಯಾ ಒಲೆಗೆ ಹತ್ತಿಕಟ್ಟಿಗೆ ಒಟ್ಟುವುದು, ನಾನು ಬೋಗಾಣಿಯಲ್ಲಿ ನೀರು ತೋಡಿ ಒಳಗೆ ಒಯ್ಯುವುದು, ಕಂಪೌಂಡರ್ ಬಾಟಲಿ ತುಂಬುವುದು. ಹೀಗೆ ಎಂಟು ಬಾಟಲಿಗಳು ಸಾಲಾಗಿ ನಿಂತವು. ನನಗೆ ಸ್ವಲ್ಪ ಸೊಕ್ಕೂ ಬಂತು.

ಒಂಬತ್ತನೆಯದಕ್ಕೆ ಹೋದಾಗ ಹಂಡೆಯೊಳಗೆ ಇಣುಕಿದೆ. ಅಷ್ಟು ನೀರು ತೋಡಿದರೂ ಹಂಡೆ ಕಂಠಮಟ ತುಂಬಿತ್ತು. ಕುದಿ ನಿಂತಿತ್ತು. ಆಯಾಳ ಕೈಯಲ್ಲಿ ತಂಬಿಗೆ, ಪಕ್ಕದಲ್ಲಿ ಬಾವಿ ನೀರಿನ ಕೊಡ.

"ಹಸಿ ನೀರ ಹಾಕೀಯೇನ?"

"ಹಂಡೆ ಬರಿದ ಮಾಡಬಾರ್ದಲ್ರಿ ನರ್ಸಬಾಯಾರ. ನೀವು ತೋಡಿದಾಗೊಮ್ಮೆ ಒಂದ ತಂಬಿಗಿ ಹಾಕೇನಿ. ಮಗಳ ಊರಾಗ ಹಿಂಗ ಆಗಿರುವಾಗ ಬರಿದ ಹಂಡೆ ನೋಡಬಾರ್ದು ಅಂತ..."

ನಮ್ಮ ಕಡೆ ಎಲ್ಲರ ಮನೆಯಲ್ಲೂ ಅದೇ ಪದ್ಧತಿ. ಬಿಸಿನೀರು ತೋಡಿಕೊಂಡವರು ತಣ್ಣೀರು ಸುರಿದೇ ಏಳಬೇಕು, ಒಲೆಯ ಮೇಲಿನ ಹಂಡೆ ಬರಿದಾದರೆ ಮನೆಗೆ ಒಳ್ಳೆಯದಲ್ಲ. ನನಗಿದು ಗೊತ್ತಿರಲಿಲ್ಲವೇ? ಆದರೆ ನಾಲಿಗೆ ಹಿಡಿತದಲ್ಲಿರಲಿಲ್ಲ.

"ನಿನ್ನ ಮಗಳ ಇಲ್ಲಿಗೆ ಬಂದಿದ್ರ, ಆಕಿನ್ನ ನೀನ ಕೈಯಾರೆ ಕೊಂದಂಗ ಆಗ್ತಿತ್ತು!" ಎಂದುಬಿಟ್ಟೆ, ಎಲ್ಲರಿಗೂ ಕೇಳುವ ಹಾಗೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ತಂಬಿಗೆಯನ್ನು ಕೆಳಗಿಟ್ಟಳು.

ಯಾವ ಬಾಟಲಿ ಶುದ್ಧ, ಯಾವುದಲ್ಲ ಎಂದು ಹೇಳುವವರು ಯಾರು? ಎಂಟನ್ನೂ ಮೋರಿಗೆ ಚೆಲ್ಲಿ, ಹಂಡೆ ತೊಳೆದು ಮತ್ತೆ ಒಲೆ ಹೂಡಿದೆವು. ನೀರು ಮರಳುವ ಮೊದಲೇ ರಸ್ತೆಯಲ್ಲಿ ಗಾಲಿಗಳ ಸಪ್ಪಳ ಕೇಳಿತು. ಮೊದಲ ಚಕ್ಕಡಿಯಲ್ಲಿ ಕಣ್ಣು ಗುಳಿಬಿದ್ದು, ನಾಡಿ ಸಿಗದಂತೆ ಮಲಗಿದ್ದವಳು ಆಯಾಳ ಮಗಳೇ.

ಸಾಹೇಬರು ಸೂಜಿ ಹಿಡಿದು ನಿಂತರು. ಬಾಟಲಿ ಇರಲಿಲ್ಲ. "ಲಗೂ ತರ್ರಿ!" ಎಂದು ಮತ್ತೆ ಮತ್ತೆ ಕೂಗಿದರು. ಆಯಾ ಮಗಳ ಹತ್ತಿರ ಬರಲಿಲ್ಲ, ಹಿತ್ತಲಲ್ಲಿ ಕೂತು ಒಲೆ ಊದುತ್ತಲೇ ಇದ್ದಳು. ಕೊನೆಗೆ ಒಂದು ಬಾಟಲಿ ತಯಾರಾದಾಗ ಅದು ಕೈ ಸುಡುತ್ತಿತ್ತು. ಅದನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹೊರಳಿಸಿ ಹೊರಳಿಸಿ ಆರಿಸಿದವಳೂ ಅವಳೇ.

ಹೊತ್ತು ಇಳಿಯುವಾಗ ಹುಡುಗಿ ಕಣ್ಣು ಬಿಟ್ಟು, "ಯವ್ವಾ, ನೀರ" ಎಂದಳು. ನನಗೆ ಅಳು ತಡೆಯಲಾಗಲಿಲ್ಲ. ಆಯಾಳ ಬಳಿ ಹೋಗಿ, "ಸಿಟ್ಟಿನ್ಯಾಗ ಅಂದೆ, ಮನಸಿನ್ಯಾಗ ಇಟ್ಕೋಬ್ಯಾಡವಾ" ಎಂದೆ.

"ಇರ್ಲಿ ಬಿಡ್ರಿ. ಮುಂಜಾನೆ ಮೊದಲನೇ ಬೋಗಾಣಿ ತೋಡಿದ ಮ್ಯಾಲ ನೀವ ಒಂದ ತಂಬಿಗಿ ಹಾಕಿದ್ರಿ. ಕಲಿತವರ ಹಾಕ್ಯಾರಂದ್ರ ಇಲ್ಲೂ ಹಾಕಬೇಕ ಅಂತ ತಿಳಕೊಂಡೆ."

ನೆನಪು ಮಾಡಿಕೊಂಡೆ. ಖರೇ, ಹಾಕಿದ್ದೆ. ಹುಟ್ಟಿದಾಗಿನಿಂದ ರೂಢಿಯಾದ ಕೈ, ನನ್ನನ್ನು ಕೇಳದೆ ತಾನೇ ತಂಬಿಗೆಗೆ ಹೋಗಿತ್ತು. ಆ ನಾಚಿಕೆ ಇವತ್ತಿಗೂ ಆರಿಲ್ಲ. ಅದಕ್ಕೆ ಕಾರಣ ತಂಬಿಗೆ ನೀರೊಂದೇ ಅಲ್ಲ.

ಮರುದಿನ ಸಾಹೇಬರು, "ಹಸಿ ನೀರ ಹಾಕಿದವರ ಯಾರ?" ಎಂದು ಕೇಳಿದರು. "ಆಯಾ ರೀ" ಎಂದೆ. ಅವಳು ನನ್ನ ಕಾಲ ಬಳಿಯೇ ನೆಲ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.