ಅತ್ತೆಯ ವಾಸಿಯಾಗದ ಹಿಮ್ಮಡಿ

ದೇವನಹಳ್ಳಿಯ ಲ್ಯಾಬಿನಿಂದ ತಂದ ರಕ್ತದ ರಿಪೋರ್ಟಿನಲ್ಲಿ ಒಂದು ಸಾಲು ದಪ್ಪಕ್ಷರದಲ್ಲಿತ್ತು: ಹೋಮೋಸಿಸ್ಟೀನ್, ಹೆಚ್ಚು. ಸಕ್ಕರೆ ಗೊತ್ತು, ಕೊಬ್ಬು ಗೊತ್ತು. ಇದ್ಯಾವ ಹೊಸ ನೆಂಟ? ವಿಜ್ಞಾನದಲ್ಲಿ ಹೇಗೋ ತೇಲಿ ಪಾಸಾದವನು ನಾನು. ಆದರೂ ಆಸ್ಪತ್ರೆಯ ಡಾಕ್ಟರಮ್ಮನನ್ನು ಕೇಳದೆ ಬಿಡಲಿಲ್ಲ.

“ಅದೊಂದು ಅಮೈನೋ ಆಮ್ಲ. ವಯಸ್ಸಾಗ್ತಾ ಏರುತ್ತೆ, ಬಿ-12 ಕಮ್ಮಿಯಾದ್ರೂ ಏರುತ್ತೆ. ಜಾಸ್ತಿಯಾದ್ರೆ ರೋಗಾಣು ಜೊತೆ ಹೋರಾಡೋ ಕಣಗಳ ಕೆಲಸ ಹದ ತಪ್ಪಬಹುದು ಅಂತಾರೆ. ಇನ್ನೂ ಹುಡುಕ್ತಾನೇ ಇದಾರೆ. ನೀವು ಹಾಲು, ಮೊಟ್ಟೆ, ಮಾಂಸ ಯಾವ್ದೂ ತಗೊಳ್ಳಲ್ವಾ?”

ಕೇಳಿದ್ದು ನನ್ನ ಊಟದ ಬಗ್ಗೆ. ನೆನಪಾದದ್ದು ಬೂದಿಗೆರೆಯ ಅತ್ತೆಯ ಅಡುಗೆಮನೆ.

ಅತ್ತೆ ಎಂದರೆ ನಮ್ಮಪ್ಪನ ಕಿರಿಯ ತಂಗಿ. ಮಾವ ತೀರಿಕೊಂಡ ವರ್ಷವೇ ಬಾಡು ಬಿಟ್ಟರು, ಮೊಟ್ಟೆಯನ್ನೂ ಬಿಟ್ಟರು. ಕೊಟ್ಟಿಗೆಯಲ್ಲಿ ಎರಡು ಸೀಮೆಹಸುಗಳಿದ್ದವು ನಿಜ, ಆದರೆ ಕರೆದ ಹಾಲೆಲ್ಲ ಡೈರಿಗೆ. ಒಂದು ಲೋಟ ಉಳಿಸಿದರೆ ಅದು ಬಂದ ನೆಂಟರ ಕಾಫಿಗೆ. ತಮಗೆ ಬೆಲ್ಲದ ಕರಿಕಾಫಿ, ಮುದ್ದೆ, ಸೊಪ್ಪಿನ ಸಾರು. ಆ ಬೀದಿಯಲ್ಲಿ ಹಸುವಿದ್ದ ಮನೆಗಳಲ್ಲೇ ಮಜ್ಜಿಗೆಗೆ ಬರ! ಅತ್ತೆಯ ಕಟ್ಟುನಿಟ್ಟನ್ನು ನಾನು ಎಲ್ಲರೆದುರು ಹೊಗಳುತ್ತಿದ್ದೆ.

ಮಾವ ಹೋಗಿ ಕೆಲವು ವರ್ಷ ಕಳೆದಿರಬೇಕು, ಅವರ ಹಿಮ್ಮಡಿಯ ಒಡಕು ಕೀವು ಕಟ್ಟಿತು. ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ಮೇಲಿಂದ ಮೇಲೆ ಜ್ವರ.

“ಕಾಲೂ ಜುಮ್ ಅಂತದೆ ಕಣೋ. ಡಾಕ್ಟ್ರತ್ರ ಒಂದ್ಸಾರಿ ಕರ್ಕೊಂಡೋಗ್ತೀಯಾ?”

“ವಯಸ್ಸಾಯ್ತಲ್ಲ ಅತ್ತೆ, ಇವೆಲ್ಲ ಇದ್ದಿದ್ದೇ” ಎಂದೆ. ಅವರು ಕೊಟ್ಟ ಹಾಲು ಹಾಕಿದ ಕಾಫಿ ಕುಡಿದು ಬೈಕ್ ಹತ್ತಿದೆ.

ಹಿಮ್ಮಡಿಯ ಗಾಯ ಕೊನೆಗೆ ಹೇಗೋ ಮಾಯಿತು. ನಡಿಗೆ ಮಾತ್ರ ಮೊದಲಿನಂತಾಗಲಿಲ್ಲ. ಅದು ಈ ಆಮ್ಲದ ಕಿತಾಪತಿಯೇ? ಕೊಟ್ಟಿಗೆಯ ಕೊಳೆಯೇ? ಬೇರೆ ಏನಾದರೂ ಇತ್ತೇ? ನನಗೆ ಗೊತ್ತಿಲ್ಲ. ಯಾರೂ ಪರೀಕ್ಷೆ ಮಾಡಿಸಲಿಲ್ಲವಲ್ಲ, ನನ್ನನ್ನೂ ಸೇರಿಸಿ. ನಾಚಿಕೆಯಾಯಿತು.

ಆಸ್ಪತ್ರೆಯಿಂದ ಸೀದಾ ಬೂದಿಗೆರೆಗೆ ಹೋದೆ. ಎಲ್ಲ ಕೇಳಿಸಿಕೊಂಡ ಅತ್ತೆ, “ಹಾಲು ಕುಡುದ್ರೆ ಕಾಲು ಜುಮ್ ಅನ್ನೋದು ಹೋಯ್ತದಾ?” ಎಂದರು.

“ಮೊದ್ಲು ರಕ್ತ ಪರೀಕ್ಷೆ ಆಗ್ಲಿ. ಅವತ್ತೇ ಕರ್ಕೊಂಡೋಗ್ಬೇಕಿತ್ತು, ತಪ್ಪಾಯ್ತು ಅತ್ತೆ.”

ಅತ್ತೆ ಹಿಮ್ಮಡಿ ಸವರಿಕೊಂಡರು. “ಅವತ್ತು ವಯಸ್ಸಾಯ್ತು ಅಂದ್ಯಲ್ಲ, ನಂಗಾಗ ಎಷ್ಟಾಗಿತ್ತೋ?”

ಬೆರಳು ಮಡಿಸಿ ಎಣಿಸಿದೆ. “ಐವತ್ತೆರಡು.”

“ಈಗ ನಿಂಗೆ?”

“ಐವತ್ಮೂರು.”

ಅತ್ತೆ ಗೋಡೆ ಹಿಡಿದು ನಿಧಾನವಾಗಿ ಎದ್ದರು, ಸೆರಗು ಸರಿಮಾಡಿಕೊಂಡರು. “ನಡಿ, ಇಬ್ರೂ ಹೋಗಣ.”