ಕಾಮಣ್ಣ ಕೂಡಿಸಿದ ಡೀಸೆಲ್ ಫಿಲ್ಟರ್

ಚಿಮ್ಮಡದ ಕಾಮಣ್ಣನ ಪ್ರಕಾರ ಈ ಲೋಕದಲ್ಲಿ ಶಾಣ್ಯಾ ಅನ್ನುವವನು ಒಬ್ಬನೇ, ಅದು ತಾನು. ಉಳಿದವರು ಹುಂಬರು, ಇಲ್ಲವೇ ಕಳ್ಳರು. ಮಾಸ್ತರ ಹುಂಬ, ಡಾಕ್ಟರ್ ಕಳ್ಳ, ಮೆಕ್ಯಾನಿಕ್ ಎರಡೂ. ಕುರಿ, ಬೆಲ್ಲ, ಕಾಳುಕಡಿ ಏನು ಸಿಕ್ಕರೂ ಹೇರುವ ಒಂದು ಹಳೆಯ ಪಿಕಪ್ ಅವನದು. ಅದನ್ನು ಓಡಿಸಿಯೇ ಮನೆ ನಡೆಸಿದ, ಅದು ಖರೆ. ಆದರೆ ಆ ಬಾಯಿ!

ಮಗಳು ಶೀತಲ್‌ಗೆ ಬಂದ ಎರಡು ಸಂಬಂಧಗಳನ್ನು ಆ ಬಾಯಿಯೇ ನುಂಗಿತ್ತು. ಮುಧೋಳದವರ ಮನೆಯಲ್ಲಿ ಅವರದೇ ಚಹಾ ಕುಡಿಯುತ್ತ, “ನಮ್ಮ ಕುರಿ ಹಟ್ಟಿ ಇದಕ್ಕಿಂತ ಛಲೋ ಐತಿ” ಎಂದಿದ್ದ. ಜಮಖಂಡಿಯಲ್ಲಿ ಅಂಗಡಿ ಇಟ್ಟಿದ್ದ ಹುಡುಗನಿಗೆ, “ತಮ್ಮಾ, ಕುಂತ ಕುಂತ ಹೊಟ್ಟಿ ಬಿಟ್ಟೀಯಲ್ಲ, ನಿನ್ನ ಎಬ್ಬಿಸಿ ನಿಂದರಸಾಕ ನನ್ನ ಮಗಳು ಬೇಕೇನು?” ಎಂದು ಕೇಳಿದ್ದ. ಆ ಎರಡೂ ಮನೆಯವರು ಆಮೇಲೆ ಇವರ ಫೋನ್ ಎತ್ತಲಿಲ್ಲ.

ಮೂರನೆಯ ಸಂಬಂಧ ಬೀಳಗಿಯದು. ಹುಡುಗ ಸಿದ್ದಾರೂಢನನ್ನು ಶೀತಲ್ ಮೆಚ್ಚಿದ್ದಳು. ಹುಡುಗನ ಮನೆ ನೋಡಿ ಮಾತು ಮುಗಿಸಲು ಹೊರಡುವ ದಿನವೂ ಬಂತು.

ಕೆಲವು ದಿನಗಳಿಂದ ಪಿಕಪ್ ಏರಿನಲ್ಲಿ ಜಗ್ಗುತ್ತಿರಲಿಲ್ಲ. ಫಿಲ್ಟರ್ ಕಟ್ಟಿಕೊಂಡಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೆಂಡತಿ ಸೋಮವ್ವನ ತಮ್ಮ ಹಾಲೇಶ, “ಮಾವಾ, ಗ್ಯಾರೇಜಿಗೆ ಒಯ್ಯೂಣು. ಅಕ್ಕನ್ನ ಕರಕೊಂಡ ಹೋಗಬೇಕು” ಎಂದ.

“ಗ್ಯಾರೇಜಿನಾವ ಮಾಡೂದೇನಲೇ? ಹಳೀದು ಬಿಚ್ಚತಾನ, ಹೊಸಾದು ತಿರವತಾನ. ನಿನ್ನಂಥಾ ಹುಂಬರು ಇರೂತನಾ ಅವಂಗ ಹಬ್ಬ!”

ಕಾಮಣ್ಣ ಅಂಗಳದಲ್ಲೇ ಬಾನೆಟ್ ಎತ್ತಿದ. ಡೀಸೆಲ್ ಹಿಡಿಯಲು, ಯಾರನ್ನೂ ಕೇಳದೆ, ಸೋಮವ್ವ ಹಿಟ್ಟು ನಾದುವ ಪರಾತವನ್ನೇ ಎಳೆದುಕೊಂಡ. ಅವಳು ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಈ ಮನುಷ್ಯನ ಮೇಲೆ ಮಾತು ಖರ್ಚು ಮಾಡುವುದನ್ನು ಅವಳು ಎಂದೋ ಬಿಟ್ಟಿದ್ದಳು. ಅವನು ಹಳೆಯ ಫಿಲ್ಟರಿನ ಡಬ್ಬಿಯನ್ನು ಬಿಗಿ ಹಿಡಿದು ತಿರುವಿದ. ಡೀಸೆಲ್ ಅಂಗಿಯ ತೋಳಿನೊಳಗೆ ಇಳಿಯಿತು. ಡಬ್ಬಿ ಕೈಗೆ ಬಂತು, ಸೋರದಂತೆ ತಡೆಯುವ ಅದರ ರಬ್ಬರ್ ಬಳೆ ಮಾತ್ರ ಮೇಲೆಯೇ ಅಂಟಿಕೊಂಡು ಉಳಿಯಿತು. ಕತ್ತು ಬಗ್ಗಿಸಿ ನೋಡಿದ್ದರೆ ಕಾಣುತ್ತಿತ್ತು. ಕಾಮಣ್ಣ ಎಲ್ಲಿ ಕತ್ತು ಬಗ್ಗಿಸುವ ಪೈಕಿ? ಅಂಗಡಿಯಿಂದ ತಂದಿದ್ದ ಹೊಸ ಫಿಲ್ಟರನ್ನು, ಅದರ ಹೊಸ ಬಳೆಯ ಸಮೇತ, ಹಳೆಯ ಬಳೆಯ ಮೇಲೆಯೇ ಕೂಡಿಸಿ ಬಿಗಿದ. ಕೈಪಂಪು ಒತ್ತಿ ಗಾಳಿ ತೆಗೆದು ಚಾವಿ ತಿರುವಿದ. ಗಾಡಿ ಚಾಲೂ ಆಯಿತು.

“ನೋಡಲೇ ಹಾಲ್ಯಾ! ಇಷ್ಟಕ್ಕ ಗ್ಯಾರೇಜ್ ಅಂತ!”

ಮಹಾಲಿಂಗಪುರ ದಾಟುವವರೆಗೂ ಈ ಮಾತು ನಿಲ್ಲಲಿಲ್ಲ. ಮುಂದೆ ಒಂದು ಏರಿನಲ್ಲಿ ಗಾಡಿ ಕೆಮ್ಮಿತು, ಮುಗ್ಗರಿಸಿತು, ಕಬ್ಬಿನ ಹೊಲದ ಬದಿಗೆ ನಿಂತೇಬಿಟ್ಟಿತು. ಹಾಲೇಶ ಬಾನೆಟ್ ತೆಗೆದರೆ ಫಿಲ್ಟರಿನ ಕುತ್ತಿಗೆಯಿಂದ ಡೀಸೆಲ್ ಸುರಿಯುತ್ತಿತ್ತು.

“ಫಿಲ್ಟರ್ ಡೂಪ್ಲಿಕೇಟ್ ಐತಿ. ಅಂಗಡ್ಯಾವ ಕಳ್ಳ” ಎಂದ ಕಾಮಣ್ಣ.

ಅಷ್ಟರಲ್ಲಿ ಮುಧೋಳದ ಬಸ್ಸು ಬರುತ್ತಿತ್ತು. ಸೋಮವ್ವ ಕಾಯಿ, ಹಣ್ಣಿನ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ಕೈ ಮಾಡಿದಳು. “ಹಾಲೇಶಾ, ಹತ್ತು. ಮುಧೋಳದಾಗ ಬೀಳಗಿ ಬಸ್ ಹಿಡಿಯೂಣು.”

“ಮತ್ತ ನಾ?” ಎಂದ ಕಾಮಣ್ಣ.

“ಬಾ. ಗಾಡಿ ಇಲ್ಲೇ ಇರಲಿ.”

“ಗಾಡಿ ಬಿಟ್ಟ ಬಂದ್ರ ಟಾಯರ್ ಬಿಚಗೊಂಡ ಹೊಕ್ಕಾರ, ಈ ಊರಾಗ ಎಲ್ಲಾರೂ ಕಳ್ಳರು!”

ಬಸ್ಸು ಹೊರಟುಹೋಯಿತು. ಯಾರನ್ನೂ ನಂಬದವನು ತನ್ನ ಗಾಡಿಗೆ ತಾನೇ ಕಾವಲು ನಾಯಿಯಾಗಿ ಬಿಸಿಲಲ್ಲಿ ಕುಳಿತ.

ಬೀಳಗಿಯಲ್ಲಿ ಹುಡುಗನ ತಂದೆ ರಾಮಣ್ಣ, “ಬೀಗರು ಎಲ್ರೀ?” ಎಂದು ಕೇಳಿದರು.

“ಗಾಡಿ ಕೆಟ್ಟೈತ್ರಿ. ಅವರ ದಾರಿ ಕಾಯೂದು ಬ್ಯಾಡ್ರಿ. ನಾನೂ ತಮ್ಮಾನೂ ಬಂದೇವಿ, ಮಾತಾಡೂಣು” ಎಂದಳು ಸೋಮವ್ವ.

ಅವಳು ಮನೆ ನೋಡಿದಳು. ಹಿತ್ತಲಿನ ಎಮ್ಮೆಯ ಬೆನ್ನು ಸವರಿದಳು. ಸಿದ್ದಾರೂಢನನ್ನು ಎದುರಿಗೆ ಕೂಡಿಸಿಕೊಂಡು, “ಶೀತಲ್‌ಗ ಹೊಲಿಗಿ ಕೆಲಸ ಬಿಡಾಕ ಮನಸಿಲ್ಲಪಾ” ಎಂದಳು. “ಯಾಕ ಬಿಡಬೇಕ್ರೀ? ಮಷಿನ್ ಇಲ್ಲೇ ಹಾಕೂಣು” ಎಂದ ಅವನು. ಯಾರೂ ದನಿ ಏರಿಸಲಿಲ್ಲ, ಯಾರ ಹೊಟ್ಟೆಯ ಮಾತೂ ಬರಲಿಲ್ಲ. ಊಟದ ಹೊತ್ತಿಗೆ ಮಾತು ಮುಗಿದು ಸಕ್ಕರೆ ಹಂಚಿಯಾಗಿತ್ತು. ಮಗಳ ಮದುವೆ ಇಷ್ಟು ಸಸಾರ ಇತ್ತೇ ಎಂದು ಸೋಮವ್ವನಿಗೆ ಒಳಗೊಳಗೇ ಅಳು ಬಂತು, ನಗುವೂ ಬಂತು.

ಹಾಲೇಶ ಮುಧೋಳದಲ್ಲಿ ಬಸ್ಸು ಬದಲಿಸುವಾಗ ಹೇಳಿ ಕಳಿಸಿದ್ದ ಮೆಕ್ಯಾನಿಕ್ ಸಂಜೆಯ ಹೊತ್ತಿಗೆ ಹಳೆಯ ಬಳೆ ಕಿತ್ತು ತೆಗೆದ. “ಅದು ನನಗ ಮೊದಲ ಗೊತ್ತಿತ್ತು” ಎಂದ ಕಾಮಣ್ಣ, ನಾಚಿಕೆಯ ಸುಳಿವೂ ಇಲ್ಲದೆ.

ಮನೆಗೆ ಬಂದರೆ ಹೆಂಡತಿ ಆಗಲೇ ತಲುಪಿದ್ದಳು. ಶೀತಲ್ ಅಪ್ಪನ ಕೈಗೂ ಸಕ್ಕರೆ ಹಾಕಿದಳು.

“ನನ್ನ ಬಿಟ್ಟ ಹೆಂಗ ಮುಗಿಸಿದ್ರಿ?”

“ನೀ ಇರಲಿಲ್ಲಲಾ, ಅದಕ್ಕ ಮುಗೀತು” ಎಂದಳು ಸೋಮವ್ವ.

ಅವನು ಸಕ್ಕರೆಯನ್ನು ಬಾಯಿಗೆ ಒಗೆದುಕೊಂಡು ಚಪ್ಪರಿಸಿದ. “ಬೀಳಗಿ ಸಕ್ಕರಿ ಅಷ್ಟ ಸಿಹಿ ಇಲ್ಲ ಬಿಡು” ಎಂದ.

ತಾಯಿ, ಮಗಳು ಇಬ್ಬರೂ ಒಳಗೆ ಹೋಗಿ ಯಾರ‍್ಯಾರನ್ನು ಕರೆಯಬೇಕು ಎಂದು ಮಾತಾಡುತ್ತ ಕುಳಿತರು.