ಮುದ್ದೆಗೆ ನಾನು ‘ಹಚಾ’ ಅಂದ ದಿನ

2023ರಲ್ಲಿ ನನಗೆ ಎರಡು ಕೆಲಸಗಳಿದ್ದವು, ಬೋರ್ಡು ಮಾತ್ರ ಒಂದಕ್ಕೇ ಇತ್ತು. ತುಮಕೂರಿನಲ್ಲಿ ನಮ್ಮ ಮನೆಯ ಮುಂಭಾಗ ಬ್ಯೂಟಿ ಪಾರ್ಲರ್. ಇಪ್ಪತ್ತು ವರ್ಷಗಳಿಂದ ನಡೆಸಿಕೊಂಡು ಬಂದದ್ದು. ಮದುಮಗಳ ಅಲಂಕಾರಕ್ಕೆಂದು ಗುಬ್ಬಿ, ಕುಣಿಗಲ್ ಕಡೆಯಿಂದಲೂ ಕರೆ ಬರುತ್ತಿತ್ತು. ಮನೆಯ ಹಿಂದೆ, ಸಂದಿಗೆ ಬಾಗಿಲು ತೆರೆಯುವ ಕೋಣೆಯಲ್ಲಿ ನಾಯಿಗಳ ಗ್ರೂಮಿಂಗ್, ಅಂದರೆ ಸ್ನಾನ ಮಾಡಿಸಿ, ಕೂದಲು ಬಾಚಿ, ಉಗುರು ಕತ್ತರಿಸಿ ಕಳಿಸುವ ಕೆಲಸ. ಲಾಕ್‌ಡೌನ್‌ನಲ್ಲಿ ಪಾರ್ಲರ್ ಬಾಗಿಲು ಹಾಕಿದಾಗ ಬೇರೆ ದಾರಿ ಕಾಣದೆ, ಅದು ಸಡಿಲವಾದ ಮೇಲೆ ಬೆಂಗಳೂರಿಗೆ ಹೋಗಿ ಕಲಿತು ಬಂದಿದ್ದೆ. ಹಿಂದಿನ ಕೋಣೆಗೆ ಬೋರ್ಡಿಲ್ಲ, ಅದರ ಫೋನ್ ನಂಬರ್ ಬೇರೆ, ಅಲ್ಲಿನ ಟವೆಲ್ಲು, ಏಪ್ರನ್ನು, ಬಾಚಣಿಗೆ ಎಲ್ಲ ಬೇರೆ. ಕೈ ಮಾತ್ರ ಅವೇ ಎರಡು.

ಆ ಕೈಯದೇ ನನಗೆ ಭಯ. ನಾಯಿ ಬಾಚುವ ಕೈಯಲ್ಲಿ ನನ್ನ ಮಗಳಿಗೆ ಜಡೆ ಹಾಕಿಸುವುದೇ ಎಂದು ಒಬ್ಬ ತಾಯಿ ಮೂಗು ಮುರಿದರೆ ಸಾಕು, ಇಡೀ ಮದುವೆ ಸೀಸನ್ ಕೈತಪ್ಪುತ್ತದೆ. ಇದು ವ್ಯಾಪಾರದ ಮಾತಾಯಿತು. ಒಳಗಿನ ಮಾತು ಬೇರೆಯೇ ಇತ್ತು. ಕುಣಿಗಲ್ ನನ್ನ ತವರು. ಅಲ್ಲಿನ ಕುದುರೆ ಫಾರಂನಲ್ಲಿ ಕುದುರೆಯ ಮೈ ಉಜ್ಜುವವರನ್ನು ನೋಡುತ್ತಲೇ ಬೆಳೆದವಳು ನಾನು. ಅವರನ್ನು ನೋಡಿ ಊರಿನಲ್ಲಿ ಯಾರೂ ನಕ್ಕಿದ್ದಿಲ್ಲ. ಆದರೂ ನಾಯಿಯ ಮೈ ಬಾಚುತ್ತೇನೆ ಎಂದು ತವರಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅಣ್ಣ ಕೇಳಿದಾಗಲೆಲ್ಲ ‘ಪಾರ್ಲರ್ ಚೆನ್ನಾಗಿ ನಡೀತಿದೆ’ ಎನ್ನುತ್ತಿದ್ದೆ. ಅದೇನೂ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಆ ವರ್ಷ ಮಳೆ ನಿಲ್ಲುವ ಹೊತ್ತಿಗೆ ಹಿಂದಿನ ಬಾಗಿಲಿಗೆ ನಾಗರಾಜು ಬಂದರು. ಐವತ್ತು ದಾಟಿದ ಮನುಷ್ಯ. ಮನೆ ಗುಬ್ಬಿಯಲ್ಲಿ, ನಿಟ್ಟೂರಿನಲ್ಲಿ ಬೈಕಿನ ಸ್ಪೇರ್ ಪಾರ್ಟ್ಸ್ ಅಂಗಡಿ. ಎದೆಗೆ ಅವುಚಿಕೊಂಡಿದ್ದ ಚೀಲದಿಂದ ಒಂದು ಪುಟ್ಟ ಮೂತಿ ಹೊರಗೆ ಇಣುಕುತ್ತಿತ್ತು. ಲಾಸಾ ಆಪ್ಸೊ ತಳಿಯ ಮರಿ, ಹತ್ತು ತಿಂಗಳದು. ಮೈತುಂಬ ನೀಳವಾದ ಕಂದು ಕೂದಲು. ಹೆಸರು ಮುದ್ದೆ. ಮಗಳು ಆಸೆಪಟ್ಟು ತಂದದ್ದಂತೆ, ಅಂಟಿಕೊಂಡದ್ದು ಮಾತ್ರ ಅಪ್ಪನಿಗೆ.

“ಮನೇಲಿ ನಾಯಿ ಡಾಕ್ಟ್ರ ಹತ್ರ ಹೋಗ್ತೀನಿ ಅಂತ ಹೇಳಿ ಬಂದಿದೀನಿ ಮೇಡಂ. ಗಂಡಸು ನಾಯಿಗೆ ತಲೆ ಬಾಚ್ಸೋಕೆ ತುಮಕೂರಿಗೆ ಹೋಗ್ತಾನೆ ಅಂದ್ರೆ ನಿಟ್ಟೂರಲ್ಲಿ ಅಂಗಡಿ ಬಾಗ್ಲು ತೆಗ್ಯಂಗಿಲ್ಲ ನಾನು” ಎಂದರು.

ನಗು ಬಂತು. ಮುಚ್ಚಿಡುವ ವಿಷಯದಲ್ಲಿ ಇವರು ನನಗೆ ಸರಿಜೋಡಿ ಎನ್ನಿಸಿತು.

ಮುದ್ದೆಯ ಮೈಯೆಲ್ಲ ಗಂಟು. ಕಿವಿಯ ಹಿಂದೆ, ಕಂಕುಳಲ್ಲಿ, ಕತ್ತುಪಟ್ಟಿಯ ಕೆಳಗೆ ಕೂದಲು ಉಂಡೆಕಟ್ಟಿತ್ತು. ಅಲ್ಲಲ್ಲಿ ಗೊಂಚಲಾಗಿ ಕಿತ್ತು ಬರುತ್ತಿತ್ತು. ನಾಗರಾಜು ಅವರ ತಾಯಿ ಗಂಗಮ್ಮನವರು ಇದು ಕಜ್ಜಿಯೇ ಎಂದು ತೀರ್ಮಾನಿಸಿಬಿಟ್ಟಿದ್ದರು. ಕಾರ್ತಿಕದಲ್ಲಿ ಮೊಮ್ಮಗಳ ಮದುವೆ. ಚಪ್ಪರ ಹಾಕುವುದರೊಳಗೆ ಕೂದಲು ಉದುರುವುದು ನಿಲ್ಲದಿದ್ದರೆ ಮರಿಯನ್ನು ಚೇಳೂರಿನ ತೋಟಕ್ಕೆ ಸಾಗಿಸಬೇಕು ಎಂದು ಅಪ್ಪಣೆಯಾಗಿತ್ತು. ತೋಟದಲ್ಲಿ ಕಾವಲಿನವನಿದ್ದಾನೆ, ಆದರೆ ಅವನಿಗೆ ನಾಯಿಯನ್ನು ಕಟ್ಟಿಹಾಕದೆ ಸಾಕಿ ಗೊತ್ತಿಲ್ಲ. ನಾಗರಾಜು ಅವರಿಗೆ ಅದೇ ಸಂಕಟ.

ಇದು ಕಜ್ಜಿಯಲ್ಲ, ಕೋಟ್ ಚೇಂಜ್ ಎಂದು ಹೇಳಿದೆ. ನೀಳಗೂದಲಿನ ಮರಿಗಳಿಗೆ ವರ್ಷ ತುಂಬುವ ಆಸುಪಾಸಿನಲ್ಲಿ ಹುಟ್ಟುಗೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಹಳೆಯದು ಎಲ್ಲವೂ ನೆಲಕ್ಕೆ ಉದುರುವುದಿಲ್ಲ. ಹೊಸ ಕೂದಲಿನ ನಡುವೆ ಸಿಕ್ಕಿಕೊಂಡು ಗಂಟಾಗುತ್ತದೆ. ದಿನ ಬಿಟ್ಟು ದಿನ ಬಾಚಿ ಸತ್ತ ಕೂದಲನ್ನು ತೆಗೆಯುತ್ತಿದ್ದರೆ ಒಂದೆರಡು ತಿಂಗಳಲ್ಲಿ ದಾಟಿಹೋಗುತ್ತದೆ. ಬಾಚದೆ ನೀರು ಹಾಕಿದರೆ ಮಾತ್ರ ಕೆಟ್ಟಿತು, ಗಂಟುಗಳು ಒಣಗುತ್ತಾ ಬಿಗಿದುಕೊಳ್ಳುತ್ತವೆ.

ವಾರಕ್ಕೊಮ್ಮೆ ಇಲ್ಲಿಗೆ ತರುವುದು, ನಡುವೆ ಅವರೇ ಅಂಗಡಿಯ ಒಳಕೋಣೆಯಲ್ಲಿ ಬಾಚುವುದು ಎಂದು ಒಪ್ಪಂದವಾಯಿತು. ಗಂಟನ್ನು ಎಳೆಯಬಾರದು. ಕಂಡೀಷನರ್ ಹಾಕಿ ನೆನೆಸಿ, ಬುಡದ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ತುದಿಯಿಂದ ಸ್ವಲ್ಪಸ್ವಲ್ಪವೇ ಬಿಡಿಸಬೇಕು. ಮೊದಲ ಸಲ ಮುದ್ದೆ ನನ್ನ ಬೆರಳನ್ನು ಕಚ್ಚಿತು. ಎರಡನೆಯ ಸಲ ಗುರ್ ಎಂದಿತು. ಆಮೇಲಾಮೇಲೆ, ನಾನು ಸಾಮಾನಿನ ಪೆಟ್ಟಿಗೆಯನ್ನು ಕೆಳಗಿಟ್ಟು “ಮಲ್ಕೊ ಕಂದ” ಎಂದರೆ ಅಂಗಾತ ಬಿದ್ದು, ಕಂಕುಳು ಬಾಚಲೆಂದು ಮುಂಗಾಲನ್ನು ತಾನೇ ಎತ್ತಿ ಹಿಡಿಯುತ್ತಿತ್ತು. ನೋವಾಗುವ ಜಾಗವನ್ನು ಒಂದು ಪ್ರಾಣಿ ತಾನಾಗಿ ತೋರಿಸುವುದು ಈ ಕೆಲಸದಲ್ಲಿ ಅಪರೂಪ. ಹಿಂದಿನ ಕೋಣೆಯಲ್ಲಿ ನನ್ನದೊಂದು ಕಟ್ಟಳೆಯಿತ್ತು. ಅಲ್ಲಿ ಯಾರೂ ‘ಹಚಾ’ ಅನ್ನಬಾರದು. ನಮ್ಮ ಕಡೆ ನಾಯಿಯನ್ನು ಅಟ್ಟಲು ಆಡುವ ಆ ಪದವನ್ನು ನಾಗರಾಜು ಬಾಯಿತಪ್ಪಿ ಅಂದಾಗ ನಾನು ಗದರಿದ್ದೂ ಉಂಟು.

ಮದುವೆ ಹತ್ತಿರವಾಗುವ ಹೊತ್ತಿಗೆ ಮುಕ್ಕಾಲು ಮೈ ಹಸನಾಗಿತ್ತು. ಕತ್ತು, ತೊಡೆ ಬಾಕಿ ಇದ್ದವು. ಒಳಗಿನಿಂದ ಬರುತ್ತಿದ್ದ ಹೊಸ ಕೂದಲು ಗಟ್ಟಿಯಾಗಿ ಹೊಳೆಯುತ್ತಿತ್ತು.

ಅದೇ ವೇಳೆಗೆ ಮುಂದಿನ ಬಾಗಿಲಿನ ಫೋನಿಗೆ ಗುಬ್ಬಿಯಿಂದ ಸೌಮ್ಯ ಎಂಬ ಹುಡುಗಿಯ ಕರೆ ಬಂತು. ಚಪ್ಪರದ ದಿನ ಮನೆಯಲ್ಲಿ ಅರಿಶಿನದ ಶಾಸ್ತ್ರಕ್ಕೆ ಅಲಂಕಾರ, ಮಾರನೆಯ ದಿನ ಕುಣಿಗಲ್‌ನ ಛತ್ರದಲ್ಲಿ ಮದುವೆಗೆ. ಒಪ್ಪಿಕೊಂಡೆ. ಯಾರ ಮಗಳೆಂದು ನಾನು ಕೇಳಲಿಲ್ಲ. ಗುಬ್ಬಿಯಲ್ಲಿ ಮದುವೆಗಳಿಗೇನು ಬರವೇ?

ಆ ಮನೆಯ ಚಪ್ಪರದಡಿಗೆ ಕಾಲಿಟ್ಟಾಗ ಎದುರಿಗೆ ನಿಂತಿದ್ದವರು ನಾಗರಾಜು. ಅವರ ಕೈಯಲ್ಲಿದ್ದ ಮಾವಿನ ತೋರಣ ಹಾಗೇ ಉಳಿಯಿತು. ಇಬ್ಬರೂ ಒಂದು ಕ್ಷಣ ಕಣ್ಣು ಕಣ್ಣು ಬಿಟ್ಟೆವು. ಆಮೇಲೆ ಅವರು “ಬನ್ನಿ ಮೇಡಂ, ಒಳಗ್ ಬನ್ನಿ” ಎಂದು ಹೊಸಬರಿಗೆ ಹೇಳುವಂತೆ ಹೇಳಿದರು. ನಾನೂ ಹೊಸಬಳಂತೆ ತಲೆಯಾಡಿಸಿದೆ.

ನಡುಮನೆಯ ತುಂಬ ನೆಂಟರು. ಗಂಗಮ್ಮನವರು ಗೋಡೆಗೊರಗಿ ಕುಳಿತು ಎಲೆ ಅಡಿಕೆ ಜೋಡಿಸುತ್ತಿದ್ದರು. ನಾನು ಮೇಕಪ್ ಪೆಟ್ಟಿಗೆಯನ್ನು ನೆಲಕ್ಕಿಟ್ಟೆ. ಆ ಸದ್ದಿಗೋ, ನನ್ನ ವಾಸನೆಗೋ, ಹಿತ್ತಲಿನಿಂದ ಮುದ್ದೆ ಒಂದೇ ಉಸಿರಿಗೆ ಓಡಿಬಂತು. ನನ್ನ ಕಾಲ ಬಳಿ ಅಂಗಾತ ಬಿದ್ದು ಮುಂಗಾಲು ಎತ್ತಿ ಹಿಡಿಯಿತು. ನಾನು ಏನೂ ಅನ್ನದಿದ್ದಾಗ ಎದ್ದು ಸೀರೆಗೆ ಮೈಯುಜ್ಜಿ, ಕೈ ನೆಕ್ಕಿ, ಮತ್ತೆ ಬಿದ್ದು ಮತ್ತೆ ಕಾಲೆತ್ತಿತು. ನೆಂಟರೆಲ್ಲ ನಕ್ಕರು.

“ಇದೇನವ್ವ, ನಿನ್ ಕಂಡ್ರೆ ಇಂಗಾಡ್ತದೆ? ಗುರ್ತೈತಾ ನಿಂಗೆ?” ಎಂದು ಗಂಗಮ್ಮನವರು ಕೇಳಿದರು.

ಸೌಮ್ಯಳ ಕಣ್ಣು ನಾಯಿ ನೆಕ್ಕಿದ ನನ್ನ ಕೈಯ ಮೇಲಿತ್ತು. ಇನ್ನು ಹತ್ತು ನಿಮಿಷಕ್ಕೆ ಅದೇ ಕೈ ಅವಳ ಕೆನ್ನೆಗೆ ತಾಗಬೇಕು.

“ಇಲ್ಲಮ್ಮ, ಯಾರ್ದೋ ಏನೋ” ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮರಿ ಇನ್ನೊಮ್ಮೆ ಕೈಯತ್ತ ಮೂತಿ ಚಾಚಿತು. ನಾನು ಸೀರೆ ಒದರಿ, ಎಲ್ಲರಿಗೂ ಕೇಳಿಸುವಂತೆ “ಹಚಾ!” ಎಂದುಬಿಟ್ಟೆ.

ಎತ್ತಿದ ಕಾಲು ನಿಧಾನವಾಗಿ ಕೆಳಗಿಳಿಯಿತು. ಮುದ್ದೆ ಎದ್ದು, ಬೆನ್ನು ಬಗ್ಗಿಸಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನನ್ನ ಬಾಯನ್ನೇ ನೋಡಿತು. ನನಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಆದರೆ ಆಡಿದ ಮಾತನ್ನು ನುಂಗಿಕೊಳ್ಳುವ ಧೈರ್ಯ ಆ ನಾಚಿಕೆಗಿರಲಿಲ್ಲ.

ಗಂಗಮ್ಮನವರು ನನ್ನ ಸೀರೆಯ ನೆರಿಗೆಯಿಂದ ಕೂದಲ ಗೊಂಚಲೊಂದನ್ನು ಹೆಕ್ಕಿ ಎತ್ತಿ ಹಿಡಿದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ನಾಗರಾಜ, ತೋಟಕ್ಕೆ ಬುಟ್ಬಾ ಇದ್ನ. ಈಗ್ಲೇ” ಎಂದರು.

“ಅವ್ವಾ, ರೋಗ ಅಲ್ಲ ಅಂತ ಡಾಕ್ಟ್ರು ಏಳವ್ರೆ...”

“ಯಾವ್ ಡಾಕ್ಟ್ರಲಾ? ಕರ್ಸು ನೋಡನ.”

ನಾಗರಾಜು ನನ್ನ ಕಡೆ ನೋಡಿದರು. ಇದು ಕಜ್ಜಿಯಲ್ಲ ಅಮ್ಮ, ನಾನೇ ಬಾಚುವವಳು, ಇನ್ನು ಕೆಲವು ವಾರ ತಡೆಯಿರಿ. ನಾನು ಹೇಳಬೇಕಿದ್ದದ್ದು ಇಷ್ಟೇ ಮಾತು. ನಾನು ಪೆಟ್ಟಿಗೆ ತೆರೆದು ಬ್ರಷ್‌ಗಳನ್ನು ಜೋಡಿಸತೊಡಗಿದೆ. “ಮದ್ವೆ ಮುಗಿದ ತಕ್ಷಣ ಕರ್ಕೊಂಡ್ ಬಂದ್ಬಿಡಿ ಅಪ್ಪ” ಎಂದು ಸೌಮ್ಯ ಹೇಳಿದ್ದು ಕೇಳಿಸಿತು, ಆಮೇಲೆ ಹೊರಗೆ ಬೈಕ್ ಸ್ಟಾರ್ಟ್ ಆದದ್ದು.

ಮಾರನೆಯ ದಿನ ಕುಣಿಗಲ್‌ನ ಛತ್ರದಲ್ಲಿ ಅಲಂಕಾರ ನೋಡಿದವರೆಲ್ಲ ಹೊಗಳಿದರು. ಒಬ್ಬರಂತೂ ನನ್ನ ಎರಡೂ ಕೈ ಹಿಡಿದು, “ಎಂಥಾ ಕೈ ಕಣ್ರೀ ನಿಮ್ದು!” ಎಂದರು. ಆ ಕೈಗಳನ್ನು ಎಲ್ಲಿ ಬಚ್ಚಿಟ್ಟುಕೊಳ್ಳಲಿ ಎನ್ನಿಸಿತು.

ಬೀಗರ ಊಟ, ಹೋಗಿಬರುವುದು ಎಲ್ಲ ಮುಗಿಯುವುದರಲ್ಲಿ ಎರಡು ವಾರದ ಮೇಲಾಯಿತು. ಒಂದು ಮಧ್ಯಾಹ್ನ ಹಿಂದಿನ ಬಾಗಿಲು ಸದ್ದಾಯಿತು. ಅದೇ ಚೀಲ, ಆದರೆ ಮೂತಿ ಹೊರಗಿರಲಿಲ್ಲ. ತೋಟದ ಕಾವಲಿನವನು ಕೇಡು ಬಗೆದವನಲ್ಲ. ಯಜಮಾನರ ನಾಯಿ ಎಂದು ಮುತುವರ್ಜಿಯಿಂದ ದಿನಾ ಪಂಪ್‌ಸೆಟ್ಟಿನ ನೀರಿನಲ್ಲಿ ಮೀಯಿಸಿ, ಬಿಸಿಲಿಗೆ ಕಟ್ಟಿದ್ದನಂತೆ. ಬಾಚುವ ವಿಷಯ ಅವನಿಗೆ ಹೇಳಿದವರಿಲ್ಲ. ಸತ್ತ ಕೂದಲು, ಹೊಸ ಕೂದಲು, ಬದುವಿನ ಅಂಟುಬೀಜ ಎಲ್ಲವೂ ಸೇರಿ ಕಂಬಳಿಯಂತೆ ಬಿಗಿದುಕೊಂಡಿದ್ದವು. ಬಾಚಣಿಗೆಯ ಒಂದು ಹಲ್ಲೂ ಒಳಗಿಳಿಯಲಿಲ್ಲ. ಕಂಕುಳಲ್ಲಿ ಚರ್ಮ ಎಳೆದು ಹುಣ್ಣಾಗಿತ್ತು.

“ಮಲ್ಕೊ ಕಂದ” ಎಂದೆ. ಮುದ್ದೆ ಮೇಜಿನ ಮೂಲೆಗೆ ಒತ್ತಿಕೊಂಡು ನಿಂತು ನಡುಗಿತು.

ಮೊದಲು ಪಶು ಆಸ್ಪತ್ರೆಗೆ ತೋರಿಸಿ ಹುಣ್ಣಿಗೆ ಔಷಧಿ ಹಾಕಿಸಿದೆವು. ಬಂದು ಮಷಿನ್ ಹಿಡಿದೆ. ಅಷ್ಟು ವಾರ ಎಳೆಎಳೆಯಾಗಿ ಉಳಿಸಿಕೊಂಡು ಬಂದಿದ್ದ ಕೂದಲು ಒಂದೇ ಹೊದಿಕೆಯಾಗಿ ಕಳಚಿ ಬಿತ್ತು. ಒಳಗಿದ್ದದ್ದು ಗುಲಾಬಿ ಬಣ್ಣದ ಬರಿಮೈ, ಹಿಡಿಯಷ್ಟು ಮರಿ.

“ಜವಳ ಆಯ್ತು ಬುಡಿ” ಎಂದು ನಾಗರಾಜು ನಗಲು ನೋಡಿದರು. ಆಗಲಿಲ್ಲ. “ನಿಮ್ಮೊಬ್ರುದೇ ಅಲ್ಲ ಮೇಡಂ. ನೀವು ಸುಮ್ಕಿದ್ರಿ, ನಾನೂ ಸುಮ್ಕಿದ್ದೆ. ಈಗ ಈ ಬೋಳುಮೈ ನೋಡುದ್ರೆ ಅವ್ವ ಒಳೀಕೇ ಸೇರ್ಸಲ್ಲ.”

ನಾನು ಏಪ್ರನ್ ಬಿಚ್ಚಿ, “ನಡೀರಿ, ನಾನೂ ಬರ್ತೀನಿ” ಎಂದೆ.

ಗುಬ್ಬಿಯ ಮನೆಯಲ್ಲಿ ಚಪ್ಪರ ಇನ್ನೂ ಬಿಚ್ಚಿರಲಿಲ್ಲ, ಗರಿಗಳು ಒಣಗಿದ್ದವು. ಗಂಗಮ್ಮನವರ ಮುಂದೆ ಕುಳಿತು ಎಲ್ಲವನ್ನೂ ಹೇಳಿದೆ. ಹಿಂದಿನ ಕೋಣೆ, ಹುಟ್ಟುಗೂದಲು, ಅವತ್ತಿನ ಸುಳ್ಳು. ಅವರು ಮರಿಯ ಬೋಳುಬೆನ್ನನ್ನು ನೋಡುತ್ತಾ ಕೇಳಿಸಿಕೊಂಡರು.

“ನಂಗೆ ಅವತ್ತೇ ಗೊತ್ತಾಯ್ತು ಕಣವ್ವ” ಎಂದರು. “ಗುರ್ತಿಲ್ದೋರ ಕಾಲ್ತಾವ ನಾಯಿ ಅಂಗೆ ಹೊಟ್ಟೆ ತೋರ್ಸ್ಕಂಡು ಬೀಳ್ತದಾ? ಇವ್ಳು ಇದ್ನ ಬಲ್ಲೋಳೇಯ ಅಂದ್ಕಂಡೆ. ಬಲ್ಲೋಳೇ ಹಚಾ ಅಂದ್ಮೇಲೆ, ರೋಗ ಇರದು ದಿಟ ಅಂತ ತೋಟಕ್ಕೆ ಕಳ್ಸ್ದೆ.”

ಅಷ್ಟು ದಿನ ನಾನು ಸುಮ್ಮನಿದ್ದದ್ದೇ ತಪ್ಪು ಎಂದುಕೊಂಡಿದ್ದೆ. ನಾನು ಸುಮ್ಮನಿರಲಿಲ್ಲ. ಅವರು ಕೇಳಿದ ಡಾಕ್ಟರ ಜಾಗದಲ್ಲಿ ನಿಂತು, ಒಂದೇ ಪದದಲ್ಲಿ ತೀರ್ಪು ಕೊಟ್ಟಿದ್ದೆ.

“ಅದ್ಕೆ ಚಳಿಯಾಯ್ತದೆ” ಎಂದು ಗಂಗಮ್ಮನವರು ತಮ್ಮ ಹಳೆಯ ಸೀರೆಯ ಮಡಿಕೆ ಬಿಚ್ಚಿ ಮರಿಗೆ ಹೊದಿಸಿದರು. ಮುದ್ದೆ ಆ ಮನೆಯಲ್ಲೇ ಉಳಿಯಿತು.

ಮುಂದಿನ ವಾರವೇ ರಸ್ತೆಯ ಕಡೆಗೆ ಇನ್ನೊಂದು ಬೋರ್ಡು ಹಾಕಿಸಿದೆ. ಒಂದಷ್ಟು ಮದುವೆಗಳು ಕೈಬಿಟ್ಟು ಹೋದವು, ಮಿಕ್ಕವು ಉಳಿದವು. ತವರಿಗೂ ಹೇಳಿದೆ. ಅಣ್ಣ ಒಂದು ದಿನ ನಕ್ಕು ಸುಮ್ಮನಾದ. ನಾನು ವರ್ಷಗಟ್ಟಲೆ ಹೆದರಿದ್ದು ಆ ಒಂದು ದಿನದ ನಗುವಿಗೆ. ಪ್ರಾಣಿಯೊಂದು ನಮ್ಮ ಕೈಯನ್ನು ನಂಬಿದರೆ, ಆ ಕೈ ಯಾರ ಮುಂದೆಯೂ ಹಿಂದೆ ಸರಿಯಬಾರದು ಎಂಬುದು ಈ ಕೆಲಸ ಕಲಿಸಿದ ಪಾಠ. ಕಲಿಯಲು ತಡವಾಯಿತು.

ಮುದ್ದೆ ಈಗಲೂ ಬರುತ್ತದೆ, ಮುಂದಿನ ಬಾಗಿಲಿನಿಂದಲೇ. ಕೂದಲು ಪೂರ್ತಿ ಬಂದಿದೆ, ನೆಲ ಗುಡಿಸುವಷ್ಟು ನೀಳ. ಬಂದವರು ಮುಟ್ಟಿ ನೋಡಿ ಹೊಗಳುತ್ತಾರೆ. ಈಗ ಅದು ಕಚ್ಚುವುದಿಲ್ಲ, ಗುರ್ ಎನ್ನುವುದಿಲ್ಲ, ಹೇಳಿದಂತೆ ಕೇಳುತ್ತದೆ. ಪ್ರತಿ ಸಲ ಪೆಟ್ಟಿಗೆಯನ್ನು ಕೆಳಗಿಟ್ಟು “ಮಲ್ಕೊ ಕಂದ” ಎನ್ನುತ್ತೇನೆ. ಅದು ನನ್ನ ಬಾಯನ್ನೇ ನೋಡುತ್ತದೆ. ಒಮ್ಮೆಯೂ ಮಲಗಿಲ್ಲ. ಕಂಕುಳನ್ನು ನಾನೇ ಬಗ್ಗಿ, ಅದರ ಕಾಲನ್ನು ಎತ್ತಿ ಹಿಡಿದು ಬಾಚುತ್ತೇನೆ.